ಗೋಡೆಗೆ ಹಾಕುವ ಮೇಡಂ

ನಮ್ಮ ಅತ್ತಿಗೆಗೆ ಬೆನ್ನಿನಲ್ಲೂ ಕಣ್ಣಿದೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಒಲೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದರು, ಹಿಂದೆ ಅಣ್ಣ ಸದ್ದಿಲ್ಲದೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, "ಒಂದೇ ಚಮಚ" ಎಂಬ ಮಾತು ಬಂದುಬಿಡುತ್ತಿತ್ತು. ಅಣ್ಣ ಪಾಪ, ಸಾಧು ಮನುಷ್ಯ. ಮುಚ್ಚಳ ಮುಚ್ಚಿ ಪೇಪರ್ ಓದಲು ಹೋಗುತ್ತಿದ್ದ. ನಾನು ಅದೇ ಮನೆಯ ಮಹಡಿಯ ಮೇಲಿರುವ ನಾದಿನಿ. ಅತ್ತಿಗೆ ಲೈಬ್ರರಿ ನೋಡಿಕೊಳ್ಳುವ ಶಾಲೆಯಲ್ಲೇ ಗಣಿತ ಹೇಳಿಕೊಡುವವಳು. ಹಾಗಾಗಿ ಆ ಕಣ್ಣಿನಿಂದ ನನಗೆ ಮನೆಯಲ್ಲೂ ಬಿಡುಗಡೆ ಇರಲಿಲ್ಲ, ಶಾಲೆಯಲ್ಲೂ ಇರಲಿಲ್ಲ.

ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹರಿದ ಪುಸ್ತಕವನ್ನು ಮನೆಗೆ ತಂದು, ಅಂಟು ಹಚ್ಚಿ, ಮೇಲೆ ರುಬ್ಬುವ ಕಲ್ಲು ಹೇರಿ, ಬೆಳಿಗ್ಗೆ ಎದ್ದ ಕೂಡಲೇ ಅದು ಅಂಟಿದೆಯೇ ಎಂದು ನೋಡುವವರು. ಆದರೆ ಅವರಿಗೆ ಎಲ್ಲವೂ ಅದರದರ ಜಾಗದಲ್ಲಿರಬೇಕು, ಯಾರು ಏನು ಮಾಡುತ್ತಿದ್ದಾರೆ ಎನ್ನುವುದು ತಮಗೆ ಕಾಣುತ್ತಿರಬೇಕು. ಕಾಣದಿದ್ದರೆ ಮೈಮೇಲೆ ಇರುವೆ ಬಿಟ್ಟಂತೆ ಆಡುತ್ತಿದ್ದರು.

ಲೈಬ್ರರಿಗೆ ಕಂಪ್ಯೂಟರ್‌ಗಳು ಬಂದಾಗ ಅತ್ತಿಗೆ ಮೊದಲು ಹೆದರಿದರು. ಮೌಸ್ ಹಿಡಿಯುವ ಮೊದಲು ಕೈ ತೊಳೆದು ಒರೆಸಿಕೊಳ್ಳುತ್ತಿದ್ದರು. ಮಕ್ಕಳ ಎದುರು ತಡವರಿಸಬಾರದೆಂದು ಮನೆಯಲ್ಲಿ ನನ್ನ ಲ್ಯಾಪ್‌ಟಾಪ್ ಕಿತ್ತುಕೊಂಡು ಅಭ್ಯಾಸ ಮಾಡಿದರು. ಹಟವಾದಿ ಹೆಂಗಸು, ಕಲಿತೇಬಿಟ್ಟರು. ಕಲಿತ ಮೇಲೆ ಚೆನ್ನಾಗಿಯೇ ಕಲಿಸಿದರು. ಸೈನ್ಸ್ ಮೇಷ್ಟ್ರೋ ಸಮಾಜದ ಮೇಷ್ಟ್ರೋ ಒಂದು ವಿಷಯ ಕೊಟ್ಟು ಮಕ್ಕಳನ್ನು ಅಟ್ಟುತ್ತಿದ್ದರು. ಆ ವಿಷಯವನ್ನು ಹುಡುಕುವುದು ಹೇಗೆ, ಮೊದಲು ಸಿಕ್ಕಿದ್ದನ್ನೇ ಕಣ್ಣುಮುಚ್ಚಿ ನಕಲು ಮಾಡದೆ ಇರುವುದು ಹೇಗೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರೂ ಹೇಳಿದ್ದಾರೆಯೇ ಎಂದು ತಾಳೆ ನೋಡುವುದು ಹೇಗೆ, ಇದನ್ನೆಲ್ಲ ಅತ್ತಿಗೆ ಹೇಳಿಕೊಟ್ಟಂತೆ ನಮ್ಮಲ್ಲಿ ಬೇರೆ ಯಾರೂ ಹೇಳಿಕೊಡುತ್ತಿರಲಿಲ್ಲ. ಸಂಶೋಧನೆಯ ಪೀರಿಯಡ್ ಎಂದರೆ ಮಕ್ಕಳು ಓಡಿಹೋಗುತ್ತಿದ್ದರು.

ಕೆಡುಕು ಬಂದದ್ದು ಒಂದು ಗುಂಡಿಯಿಂದ. ಕಂಪ್ಯೂಟರ್ ರಿಪೇರಿಯವನು ಅತ್ತಿಗೆಯ ಮೇಜಿನ ಯಂತ್ರಕ್ಕೆ ಒಂದು ಸೌಕರ್ಯ ಹಾಕಿಕೊಟ್ಟ. ಮಕ್ಕಳ ಎಲ್ಲ ಪರದೆಗಳೂ ಅತ್ತಿಗೆಯ ಪರದೆಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ, ಸಾಲಾಗಿ ಕಾಣುತ್ತಿದ್ದವು. ಅದರಲ್ಲಿ ಒಂದನ್ನು ಒತ್ತಿದರೆ ಅದು ಪ್ರೊಜೆಕ್ಟರ್ ಮೂಲಕ ಎದುರಿನ ಬಿಳಿ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತಿತ್ತು. ಒಳ್ಳೆಯ ಕೆಲಸ ಮಾಡಿದವರದ್ದನ್ನು ಎಲ್ಲರಿಗೂ ತೋರಿಸಲಿ ಎಂದು ಅವನು ಕೊಟ್ಟಿದ್ದು. ಅತ್ತಿಗೆಯ ಕೈಯಲ್ಲಿ ಅದು ಬೆತ್ತವಾಯಿತು. ಜ್ವಾಲಾಮುಖಿ ಹುಡುಕಬೇಕಾದವನು ಬೈಕಿನ ಚಿತ್ರ ನೋಡುತ್ತಿದ್ದರೆ ಬೈಕು ಗೋಡೆಯ ಮೇಲೆ ಬರುತ್ತಿತ್ತು. "ಎದ್ದು ನಿಂತು ಓದಪ್ಪಾ, ಜ್ವಾಲಾಮುಖಿಗೆ ಎಷ್ಟು ಗೇರು ಅಂತ ಎಲ್ಲರಿಗೂ ಕೇಳಲಿ" ಎನ್ನುತ್ತಿದ್ದರು. ಕೊಠಡಿಗೆ ಕೊಠಡಿಯೇ ಬಿದ್ದು ಬಿದ್ದು ನಗುತ್ತಿತ್ತು. ಬೈಕಿನವನೂ ತಲೆ ಕೆರೆದುಕೊಂಡು ನಗುತ್ತಿದ್ದ.

"ಗೋಡೆಗೆ ಹಾಕ್ತೀನಿ ನೋಡು" ಎನ್ನುವುದು ಇಡೀ ಶಾಲೆಯ ಮಾತಾಯಿತು. ಮಕ್ಕಳು ಅತ್ತಿಗೆಗೆ ಗೋಡೆ ಮೇಡಂ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು, ಒಳಗೊಳಗೇ ಖುಷಿಯೂ ಆಯಿತು. ಮನೆಯಲ್ಲಿ ಅಣ್ಣ ಒದ್ದೆ ಟವೆಲ್ ಮಂಚದ ಮೇಲೆ ಎಸೆದು, ತಾನೇ ಮುಂಚಿತವಾಗಿ "ನನ್ನ ಗೋಡೆಗೆ ಹಾಕ್ಬೇಡಮ್ಮಾ" ಎಂದು ಕೈಮುಗಿಯುತ್ತಿದ್ದ. ನಾವೆಲ್ಲ ಅದನ್ನೊಂದು ತಮಾಷೆ ಎಂದುಕೊಂಡಿದ್ದೆವು.

ಲೈಬ್ರರಿಯಲ್ಲಿ ಇನ್ನೊಬ್ಬರಿದ್ದರು. ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಕಪಾಟುಗಳಿಗೆ ಸೇರಿಸುವ ಅಟೆಂಡರ್. ಗಾಡಿಯ ಒಂದು ಚಕ್ರ ಕೀಚು ಕೀಚು ಎನ್ನುತ್ತಿತ್ತು, ಅದರಿಂದ ಮಕ್ಕಳಿಗೆ ಅವರು ಗಾಡಿ ಮಾಮ. ಮೊದಲು ಶಾಲೆಯ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ಸೊಂಟ ಹಿಡಿದುಕೊಂಡು ಬಗ್ಗಲಾಗದೆ ಹೋದಾಗ ಹೆಡ್ ಮೇಡಂ ಕನಿಕರದಿಂದ ಲೈಬ್ರರಿಗೆ ಹಾಕಿದ್ದರು. ಅವರ ಮಗಳು ನಮ್ಮಲ್ಲೇ ಒಂಬತ್ತನೇ ತರಗತಿ. ಸಣ್ಣಗೆ, ಉದ್ದಕ್ಕೆ, ಮಾತು ಕಡಿಮೆ. ನನ್ನ ಕ್ಲಾಸಿನಲ್ಲಿ ಲೆಕ್ಕ ಬಿಡಿಸಿಯಾದ ಮೇಲೂ ಕೈ ಎತ್ತದೆ ಕೂರುವ ಹುಡುಗಿ.

ಗಾಡಿ ಮಾಮ ಪುಸ್ತಕ ಇಡುತ್ತಿದ್ದ ರೀತಿ ಅತ್ತಿಗೆಗೆ ದಿನನಿತ್ಯದ ತಲೆನೋವು. ಗಿಡಮರಗಳ ಪುಸ್ತಕ ವ್ಯಾಕರಣದ ಸಾಲಿನಲ್ಲಿ, ನಕ್ಷತ್ರಗಳದ್ದು ಹೊಲಿಗೆಯ ಸಾಲಿನಲ್ಲಿ. ನೋಡಿದರೆ ಹಸಿರು ರಟ್ಟಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ, ಚೆಂದವಾಗಿಯೇ ಇರುತ್ತಿತ್ತು. "ಏನಪ್ಪಾ, ಕಣ್ಣು ಎಲ್ಲಿಟ್ಟಿದ್ದೀಯ? ಪುಸ್ತಕದ ಬೆನ್ನ ಮೇಲೆ ಇಷ್ಟು ದಪ್ಪಕ್ಷರದಲ್ಲಿ ಬರೆದಿದೆಯಲ್ಲ" ಎಂದು ಅತ್ತಿಗೆ ಮಕ್ಕಳೆದುರೇ ದಬಾಯಿಸುತ್ತಿದ್ದರು. ತಮಗಿಂತ ವಯಸ್ಸಾದ ಮನುಷ್ಯನಿಗೆ ಏಕವಚನ. ಅವರು ನಗುನಗುತ್ತ, ಕನ್ನಡಕ ಮನೆಯಲ್ಲೇ ಮರೆತುಬಂದೆ ಎನ್ನುತ್ತಿದ್ದರು. ಅವರ ಮೂಗಿನ ಮೇಲೆ ಕನ್ನಡಕವನ್ನು ನಾವು ಯಾರೂ ಒಮ್ಮೆಯೂ ನೋಡಿರಲಿಲ್ಲ. ದಿನಾ ಮರೆಯುವ ಕನ್ನಡಕ ಇದೆಯೋ ಇಲ್ಲವೋ ಎಂದು, ಬೆನ್ನಿನಲ್ಲೂ ಕಣ್ಣಿರುವ ಅತ್ತಿಗೆ ಸಹ ಯೋಚಿಸಲಿಲ್ಲ.

ಆ ದಿನ ಒಂಬತ್ತನೆಯವರಿಗೆ ಉಪ್ಪಿನ ವಿಷಯ ಕೊಟ್ಟಿದ್ದರು. ಉಪ್ಪು ಎಲ್ಲಿ ಸಿಗುತ್ತದೆ, ಹೇಗೆ ತೆಗೆಯುತ್ತಾರೆ, ಹಿಂದಿನವರು ಯಾವುದಕ್ಕೆ ಬಳಸುತ್ತಿದ್ದರು. ನನಗೆ ಪೀರಿಯಡ್ ಇರಲಿಲ್ಲ. ಸ್ಟಾಫ್ ರೂಮಿನ ಫ್ಯಾನು ಕೆಟ್ಟಿತ್ತೆಂದು ಲೈಬ್ರರಿಯ ಹಿಂದಿನ ಮೇಜಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗಾಡಿ ಮಾಮ ಕಿಟಕಿಯ ಪಕ್ಕದ ಕಪಾಟಿನ ಹತ್ತಿರ ಪುಸ್ತಕ ಇಡುತ್ತಿದ್ದರು. ಮಗಳು ಮೂರನೇ ಸಾಲಿನ ಕಂಪ್ಯೂಟರಿನಲ್ಲಿ ಬೇಗಬೇಗ ಉಪ್ಪಿನ ಕೆಲಸ ಮುಗಿಸಿ ಕಾಗದ ಮಡಚಿಟ್ಟಿದ್ದಳು. ಅದು ನನಗೆ ಕಂಡಿತ್ತು, ಅತ್ತಿಗೆಗೆ ಕಂಡಿರಲಿಲ್ಲ.

ಅತ್ತಿಗೆಗೆ ಕಂಡದ್ದು ಬೆಂಕಿಪೊಟ್ಟಣದಷ್ಟು ಚೌಕದೊಳಗೆ ಬಣ್ಣಬಣ್ಣದ ಬಲೂನುಗಳು. ಬಲೂನು ಎಂದರೆ ಆಟ, ಆಟ ಎಂದರೆ ಗೋಡೆ. "ಓಹೋ, ಉಪ್ಪಿನ ಅಂಗಡೀಲಿ ಬಲೂನೂ ಮಾರ್ತಾರೆ ಅಂತ ನಮಗೆ ಗೊತ್ತೇ ಇರ್ಲಿಲ್ಲ" ಎಂದು ಗುಂಡಿ ಒತ್ತಿದರು.

ಗೋಡೆಯ ಮೇಲೆ ಬಲೂನುಗಳು ಮೂಡಿದವು. ಒಂದೊಂದು ಬಲೂನಿನೊಳಗೂ ಒಂದೊಂದು ದೊಡ್ಡ ಅಕ್ಷರ, ಅ, ಆ, ಇ, ಈ. ಒಂಬತ್ತನೇ ತರಗತಿಯಲ್ಲಿ ಅ ಆ ಇ ಈ ಎಂದು ಮಕ್ಕಳು ಹೋ ಎಂದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಕಿಟಕಿಯ ಹತ್ತಿರ ಗಾಡಿ ಮಾಮ ಗೋಡೆಯ ಕಡೆ ತಿರುಗಿ, ಮಕ್ಕಳು ನಗುವುದನ್ನು ಕಂಡು, ತಾವೂ ಬಾಯ್ತುಂಬ ನಕ್ಕರು. ಎಲ್ಲರೂ ನಗುವಾಗ ತಾನೊಬ್ಬ ನಗದಿದ್ದರೆ ಸರಿಯಲ್ಲ ಎನ್ನುವವರ ನಗು ಅದು. ಈಗ ಯೋಚಿಸಿದರೆ, ಅವರು ಎಷ್ಟೋ ವರ್ಷಗಳಿಂದ ಹಾಗೆಯೇ ನಕ್ಕಿರಬೇಕು.

ಹುಡುಗಿ ಎದ್ದು ನಿಂತಳು. ಮೇಲೆ ಏನು ಬರೆದು ಹುಡುಕಿದ್ದೀಯೋ ಅದನ್ನು ಓದು ಎಂದರು ಅತ್ತಿಗೆ. ಅವಳು ಓದಲಿಲ್ಲ. ಎರಡನೇ ಸಲ ಹೇಳಿದರು, ಆಗಲೂ ಓದಲಿಲ್ಲ. ಎದುರು ನಿಂತು ಮಾತು ಕೇಳದವರನ್ನು ಅತ್ತಿಗೆ ಅಲ್ಲಿಗೇ ಬಿಟ್ಟವರಲ್ಲ. ಕನ್ನಡಕ ಏರಿಸಿ, ಗೋಡೆಯ ಕಡೆ ತಿರುಗಿ, ರಾಗವಾಗಿ ತಾವೇ ಓದಿದರು.

"ಅಪ್ಪನಿಗೆ ಓದು ಕಲಿಸುವುದು ಹೇಗೆ."

ಬಾಯಿ ಓದಿ ಮುಗಿಸಿದ ಮೇಲೆ ತಲೆಗೆ ಹತ್ತಿತು. ಕಿಟಕಿಯ ಹತ್ತಿರದ ನಗು ಅರ್ಧಕ್ಕೇ ನಿಂತುಹೋಯಿತು. ಮಕ್ಕಳ ತಲೆಗಳು ಒಂದೊಂದಾಗಿ ಆ ಕಡೆ ತಿರುಗಿದವು. ಗಾಡಿ ಮಾಮನ ಕೈಯಲ್ಲಿ ಒಂದು ಹಸಿರು ಪುಸ್ತಕವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು. ಆಮೇಲೆ ಅದನ್ನು ಮತ್ತೆ ಗಾಡಿಯಲ್ಲೇ ಇಟ್ಟು, ಗಾಡಿಯನ್ನು ಅಲ್ಲೇ ಬಿಟ್ಟು, ಬಾಗಿಲು ದಾಟಿ ಹೋದರು. ಅತ್ತಿಗೆ ಗೋಡೆಯನ್ನು ಆರಿಸಲು ಗುಂಡಿ ಹುಡುಕಿದರು. ಸಿಗಲಿಲ್ಲ. ಕೊನೆಗೆ ನಾನು ಹೋಗಿ ಪ್ರೊಜೆಕ್ಟರಿನ ತಂತಿಯನ್ನೇ ಕಿತ್ತೆ. ಹುಡುಗಿ ನಿಂತೇ ಇದ್ದಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಗಾಡಿ ಮಾಮ ಹೆಡ್ ಮೇಡಂ ಹತ್ತಿರ ಹೋಗಿ, ಸೊಂಟ ಈಗ ವಾಸಿಯಾಗಿದೆ, ನನ್ನನ್ನು ತೋಟಕ್ಕೇ ಹಾಕಿ ಎಂದು ಕೇಳಿಕೊಂಡರಂತೆ. ವಾಸಿಯಾಗಿರಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಏಳುವುದನ್ನು ನಾವು ಕಿಟಕಿಯಿಂದ ನೋಡುತ್ತಿದ್ದೆವು. ಹುಡುಗಿ ಸಂಶೋಧನೆಯ ಪೀರಿಯಡ್ಡಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವುದನ್ನೇ ಬಿಟ್ಟಳು. ಪುಸ್ತಕದಲ್ಲೇ ನೋಡುತ್ತೇನೆ ಎಂದು ಮೂಲೆಯ ಬೆಂಚು ಹಿಡಿದಳು. ಅಪ್ಪನ ಓದು ನಿಂತುಹೋಗಿದೆ ಎನ್ನುವುದನ್ನು ಯಾರೂ ನಮಗೆ ಹೇಳಬೇಕಾಗಿರಲಿಲ್ಲ.

ಅತ್ತಿಗೆ ಅವಮಾನದಲ್ಲಿ ಬೆಂದುಹೋದರು. ಊಟದ ತಟ್ಟೆಯ ಮುಂದೆ ಕೂತು ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುವುದು, ಏಳುವುದು. ಅಣ್ಣ ಪರೀಕ್ಷೆ ಮಾಡಲೆಂದೇ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಜೋರಾಗಿ ತೆಗೆದ. ಅತ್ತಿಗೆ ಏನೂ ಅನ್ನಲಿಲ್ಲ. ಆಗ ಅಣ್ಣನಿಗೆ ನಿಜಕ್ಕೂ ಗಾಬರಿಯಾಯಿತು.

ಇಡೀ ಶಾಲೆ ಸೇರುವ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ವೇದಿಕೆ ಹತ್ತಿ ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದು ಒಂದು ದಿನ ನನ್ನ ಹತ್ತಿರ ಹೇಳಿದರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ನಮ್ಮ ಮನೆತನದ ಆಸ್ತಿ. "ಮತ್ತೆ ಗೋಡೆಗೇ ಹಾಕ್ತೀರಾ ಅತ್ತಿಗೆ? ಗೊತ್ತಿಲ್ದೇ ಇದ್ದವರಿಗೂ ಗೊತ್ತಾಗ್ಲಿ ಅಂತಾನಾ?" ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಅಷ್ಟು ಖಾರವಾಗಿ ಹೇಳಬಾರದಿತ್ತು, ಆದರೆ ಹೇಳಿದ್ದು ಸರಿಯಾಗಿತ್ತು.

ವೇದಿಕೆ ತಪ್ಪಿತು. ಆದರೆ ಹಟವಾದಿ ಹೆಂಗಸು ಸುಮ್ಮನಿರಬೇಕಲ್ಲ. ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ, ನನಗೂ ಹೇಳದೆ, ದಪ್ಪಕ್ಷರದ ಬಾಲಪಾಠದ ಪುಸ್ತಕ ಮತ್ತು ಹೊಸ ಸ್ಲೇಟು ಹಿಡಿದುಕೊಂಡು ಸೀದಾ ಗೇಟಿನ ಪಕ್ಕದ ಹೂವಿನ ಪಾತಿಗೆ ಹೋದರು. ಇನ್ನು ಮೇಲೆ ದಿನಾ ಸಂಜೆ ತಾವೇ ಕೂತು ಕಲಿಸುವುದಾಗಿಯೂ, ಕಲಿಯುವುದರಲ್ಲಿ ನಾಚಿಕೆ ಏನೂ ಇಲ್ಲವೆಂದೂ, ಬೇಕಾದಷ್ಟು ಜನ ದೊಡ್ಡವರಾದ ಮೇಲೆ ಕಲಿತಿದ್ದಾರೆಂದೂ ಹೇಳಿದರು. ಆ ದಿನ ಮೊದಲ ಬಾರಿಗೆ 'ನೀವು' ಎಂದರು. ಅದನ್ನೂ ಲೈಬ್ರರಿಯ ಗಂಟಲಿನಲ್ಲೇ ಹೇಳಿದರು. ಸುತ್ತ ಶಾಲೆಯ ಬಸ್ಸಿನ ಡ್ರೈವರ್‌ಗಳು, ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು, ಬ್ಯಾಗು ಹೊತ್ತ ಮಕ್ಕಳು. ಗಾಡಿ ಮಾಮ ಮಣ್ಣು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈ ನೀಡಿ ಪುಸ್ತಕ ತೆಗೆದುಕೊಂಡು, ಆಗಲಿ ಮೇಡಂ ಎಂದರು. ಅತ್ತಿಗೆ ಮನೆಗೆ ಬಂದು ಆ ರಾತ್ರಿ ಹೊಟ್ಟೆ ತುಂಬ ಉಂಡರು.

ಮರುದಿನ ಬೆಳಿಗ್ಗೆ ಹುಡುಗಿ ಲೈಬ್ರರಿಗೆ ಬಂದು ಆ ಪುಸ್ತಕವನ್ನೂ ಸ್ಲೇಟನ್ನೂ ಅತ್ತಿಗೆಯ ಮೇಜಿನ ಮೇಲಿಟ್ಟಳು. ಅಪ್ಪ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದರಂತೆ, ಒಂದು ಮೂಲೆ ನೆನೆದಿತ್ತು. ನಾನು ಅಟ್ಲಾಸ್ ತೆಗೆದುಕೊಳ್ಳಲು ಬಂದವಳು ಕಪಾಟಿನ ಹಿಂದೆ ಹಾಗೇ ನಿಂತೆ. ಅಷ್ಟು ದಿನ ಮಾತಾಡದ ಹುಡುಗಿ ಆ ದಿನ ತಲೆ ಎತ್ತಿ ಮಾತಾಡಿದಳು.

"ಯಾರಿಗೂ ಗೊತ್ತಾಗಲ್ಲ ಅಂತ ನಾನು ಮಾತು ಕೊಟ್ಟಿದ್ದಕ್ಕೇ ಅಪ್ಪ ಒಪ್ಪಿದ್ದು ಮೇಡಂ. ಆರು ಅಕ್ಷರ ಬಂದಿತ್ತು ಅವರಿಗೆ."

ಅತ್ತಿಗೆ ತಪ್ಪಾಯಿತಮ್ಮಾ ಎಂದರು, ಸಹಾಯ ಮಾಡೋಣ ಅಂತಲೇ ನಿನ್ನೆ ಹೋಗಿದ್ದೆ ಎಂದರು.

"ನೀವು ಸಹಾಯ ಮಾಡೋದೂ ಎಲ್ಲರ ಮುಂದೇನೇ ಮೇಡಂ."

ಅಷ್ಟು ಹೇಳಿ ಕ್ಲಾಸಿಗೆ ಹೋದಳು. ದನಿ ಏರಿಸಿರಲಿಲ್ಲ, ಅಗೌರವದ ಒಂದು ಮಾತೂ ಇರಲಿಲ್ಲ. ಅತ್ತಿಗೆ ಆ ನೆನೆದ ಪುಸ್ತಕದ ಮೂಲೆಯನ್ನು ಬೆರಳಿನಿಂದ ಒತ್ತಿ ಒತ್ತಿ ಸರಿಮಾಡುತ್ತ ಕೂತರು. ನಾನು ಅಲ್ಲಿ ನಿಂತು ಕೇಳಿಸಿಕೊಂಡೆ ಎಂದು ಇವತ್ತಿಗೂ ಅವರಿಗೆ ಹೇಳಿಲ್ಲ. ಅವರಿಗೆ ಕಾಣದೆ ನಿಂತಿದ್ದೆ ಎನ್ನುವುದೇ ಸೋಜಿಗ.

ಆಮೇಲೆ ಅತ್ತಿಗೆ ಯಾರೆದುರೂ ಏನೂ ಘೋಷಿಸಲಿಲ್ಲ. ರಿಪೇರಿಯವನನ್ನು ಕರೆಸಿ, ಒಂದು ಕಂಪ್ಯೂಟರನ್ನು ತಮ್ಮ ಪರದೆಯಲ್ಲಿ ಕಾಣದ ಹಾಗೆ ಬಿಡಿಸು ಎಂದರು. ಮಕ್ಕಳು ನೋಡಬಾರದ್ದನ್ನು ನೋಡಿದರೆ ಯಾರು ಹೊಣೆ ಎಂದು ಅವನು ತಕರಾರು ತೆಗೆದ. ಹೆಡ್ ಮೇಡಂ ಕೂಡ ಅದನ್ನೇ ಕೇಳಿದರು. ಕೆಟ್ಟದ್ದನ್ನು ತಡೆಯುವ ಬೇಲಿ ಎಲ್ಲ ಯಂತ್ರಗಳಿಗೂ ಇದ್ದ ಹಾಗೇ ಇರಲಿ, ತೆಗೆಯಬೇಕಾದದ್ದು ನನ್ನ ಕಣ್ಣು ಮಾತ್ರ ಎಂದು ಅತ್ತಿಗೆ ಹೇಳಿದರಂತೆ. ಆ ಕಂಪ್ಯೂಟರನ್ನು ದೊಡ್ಡ ಕಪಾಟಿನ ಹಿಂದಿನ ಮೂಲೆಗೆ ಸಾಗಿಸಿದರು. ಪರದೆಯ ಮುಖ ಗೋಡೆಯ ಕಡೆಗಲ್ಲ, ದಾರಿಯ ಕಡೆಗೂ ಅಲ್ಲ, ಕೂತವರಿಗೆ ಮಾತ್ರ. ಅದರ ಮೇಲೆ ಒಂದು ಕಾಗದ ಅಂಟಿಸಿದರು. ದಪ್ಪ ಅಕ್ಷರ, ಒತ್ತಕ್ಷರ ಒಂದೂ ಇಲ್ಲದಂತೆ ಯೋಚಿಸಿ ಯೋಚಿಸಿ ಬರೆದದ್ದು. 'ಇದನು ಯಾರೂ ನೋಡರು' ಎಂದು. ಇದೇನು ಹಳಗಾಲದ ಕನ್ನಡ ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ಆಮೇಲೆ ತಮ್ಮ ಕುರ್ಚಿಯನ್ನೂ ತಿರುಗಿಸಿಕೊಂಡರು, ಆ ಮೂಲೆಗೆ ಬೆನ್ನು ಮಾಡಿ.

ಆ ಮೂಲೆಗೆ ಮೊದಲು ಯಾರೂ ಹೋಗಲಿಲ್ಲ. ಇದರಲ್ಲೂ ಏನೋ ಕಿತಾಪತಿ ಇದೆ ಎಂದೇ ಮಕ್ಕಳು ತಿಳಿದರು. ಆಮೇಲೆ ಒಬ್ಬ ಹೋದ, ಅತ್ತಿಗೆ ಬೈಯಲಿಲ್ಲ ಎಂದು ಕಂಡು ಇನ್ನೊಬ್ಬಳು ಹೋದಳು. ಪಾಠದ ವಿಷಯ ಹುಡುಕಿ ಮುಗಿಸಿದವರು ಅಲ್ಲಿ ಸಾಲು ಹಿಡಿದು ಕಾಯುವ ಹಾಗಾಯಿತು. ಏನು ಕೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಸದಾ ಗಲಾಟೆ ಮಾಡುವ ಆ ಬೈಕಿನ ಹುಡುಗ ಅಲ್ಲಿಂದ ಎದ್ದು ಬರುವಾಗ ಒಂದು ದಿನ ಮುಖ ತೊಳೆಯಲು ಹೋದದ್ದನ್ನು ನೋಡಿದೆ, ಅಷ್ಟೇ. ಅಲ್ಲಿ ಕಾಯುವ ಮಕ್ಕಳನ್ನು ಕಂಡಾಗಲೆಲ್ಲ ಅತ್ತಿಗೆಯ ನಾಚಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಇಷ್ಟು ಮಕ್ಕಳು ಇಷ್ಟು ದಿನ ನನಗೆ ಹೆದರಿ ಏನೇನು ಕೇಳದೇ ಉಳಿದರೋ ಎಂದು ಒಮ್ಮೆ ತರಕಾರಿ ಹೆಚ್ಚುತ್ತ ಅಂದರು.

ಆ ಹುಡುಗಿ ಮಾತ್ರ ಬಹಳ ದಿನ ಆ ಮೂಲೆಗೆ ಬರಲಿಲ್ಲ. ಬಂದಾಗಲೂ ಅತ್ತಿಗೆಗೆ ಗೊತ್ತಾಗಲಿಲ್ಲ, ನಾನೇ ಕಂಡವಳು. ಕಂಡರೂ ಹೇಳಲಿಲ್ಲ. ಹೇಳಿದರೆ ಅವರು ತಿರುಗಿಬಿಡುತ್ತಾರೆ ಎಂಬ ಭಯ.

ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸಂಜೆ ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಅತ್ತಿಗೆ ಮೇಜಿನ ಹತ್ತಿರ ಹರಿದ ಪುಟಗಳಿಗೆ ಅಂಟು ಹಚ್ಚುತ್ತಿದ್ದರು. ನಾನು ಮನೆಗೆ ಹೋಗೋಣವೆಂದು ಅವಸರ ಮಾಡುತ್ತಿದ್ದೆ. ಕಪಾಟಿನ ಹಿಂದಿನ ಮೂಲೆಯಲ್ಲಿ ಹುಡುಗಿ ಇನ್ನೂ ಕೂತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಗಾಡಿ ಮಾಮ, ಮಗಳನ್ನು ಕರೆದುಕೊಂಡು ಹೋಗಲು. ಆ ದಿನದ ನಂತರ ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು. ನನ್ನನ್ನು ನೋಡಿ ತಲೆಯಾಡಿಸಿ, ಅತ್ತಿಗೆಯ ಬೆನ್ನನ್ನು ನೋಡಿ, ಗೋಡೆಯ ಅಂಚಿನಲ್ಲೇ ನಡೆದು ಮೂಲೆಗೆ ಹೋದರು.

ಅತ್ತಿಗೆಯ ಕೈ ಅಂಟಿನ ಡಬ್ಬಿಯಲ್ಲೇ ನಿಂತಿತು. ಯಾರು ಬಂದರೆಂದು ನಡಿಗೆಯಲ್ಲೇ ಗೊತ್ತಾಗಿತ್ತು. ತಿರುಗಿ ನೋಡುವುದನ್ನೇ ಬದುಕೆಲ್ಲ ಮಾಡಿದ ಹೆಂಗಸು, ತಿರುಗದೆ ಕೂತರು.

ಮೂಲೆಯಲ್ಲಿ ಮೊದಲು ಪಿಸುಮಾತು. ಆಮೇಲೆ ಗಂಡಸಿನ ದನಿ, ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವವರ ಹಾಗೆ, ಒಂದು ಅಕ್ಷರ, ನಿಲುಗಡೆ, ಇನ್ನೊಂದು ಅಕ್ಷರ. "ಇ... ದ... ನು." ಬಹಳ ಹೊತ್ತು ಸದ್ದಿಲ್ಲ. "ಯಾ... ರೂ." ಮಗಳು ನಡುವೆ ಬಾಯಿ ಹಾಕಲಿಲ್ಲ. "ನೋ... ಡ... ರು." ಆಮೇಲೆ ಮೂರನ್ನೂ ಸೇರಿಸಿ, ಗಂಟಲು ಸರಿಮಾಡಿಕೊಂಡು, ಪೂರ್ತಿ ಒಮ್ಮೆ ಓದಿದರು.

ಅತ್ತಿಗೆಯ ಕಣ್ಣಿನಿಂದ ನೀರು ಅಂಟು ಹಚ್ಚಿದ ಪುಟದ ಮೇಲೇ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಹಿಂದಿನವರಿಗೆ ಕಾಣುತ್ತದೆಂದು ಎತ್ತಲಿಲ್ಲ.

ಹೆಜ್ಜೆಗಳು ನಮ್ಮ ಕಡೆ ಬಂದವು. ಕುರ್ಚಿಯ ಹಿಂದೆ ಸ್ವಲ್ಪ ದೂರದಲ್ಲಿ ನಿಂತವು.

"ಅಲ್ಲಿ ಬರೆದಿರೋದು ನಿಜವಾ ಮೇಡಂ?"

ಚುಚ್ಚುವ ದನಿಯಲ್ಲ. ತಿಳಿದುಕೊಳ್ಳಬೇಕಾಗಿತ್ತು, ಕೇಳಿದರು. ತಾವು ಮೊದಲ ಬಾರಿ ಓದಿದ ಮಾತನ್ನು ನಂಬಬಹುದೇ ಎಂದು ಬರೆದವರನ್ನೇ ಕೇಳುತ್ತಿದ್ದರು. ಒಬ್ಬರು ಹೇಳಿದ್ದನ್ನು ಹಾಗೇ ನಂಬಬೇಡಿ ಎಂದು ಮಕ್ಕಳಿಗೆ ಕಲಿಸಿದ ನಮ್ಮ ಅತ್ತಿಗೆಗೆ ಹೌದು ಎನ್ನುವ ಧೈರ್ಯ ಬರಲಿಲ್ಲ. ಗಾಡಿ ಮಾಮ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ನಾಳೆ ಬರ್ತೀವಿ ಮೇಡಂ ಎಂದು ಹೇಳಿ ಹೊರಟರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿದ ಸದ್ದು, ಮೆಟ್ಟಿಲಿಳಿದ ಸದ್ದು, ಗೇಟಿನ ಸದ್ದು ಎಲ್ಲ ಆದ ಮೇಲೂ ಅತ್ತಿಗೆ ಹಿಂದೆ ತಿರುಗಲಿಲ್ಲ.